ಅಳದೆ ಹೇಳಬೇಕಾದ ಮಾತು

ಸೆಪ್ಟೆಂಬರ್ 2, ಸೋಮವಾರ

ತಾಲೀಮು ಶುರುವಾಯಿತು. ಟೈರ್ ಅಂಗಡಿಯ ಮೇಲಿನ ಅದೇ ಹಾಲ್. ಮೊದಮೊದಲು ರಬ್ಬರಿನ ವಾಸನೆಗೆ ಎಲ್ಲರಿಗೂ ತಲೆನೋವು. ಆಮೇಲೆ ಆ ವಾಸನೆ ಇಲ್ಲದಿದ್ದರೆ ಯಾರಿಗೂ ಮಾತೇ ಹೊರಡುವುದಿಲ್ಲ.

ಈ ಸಲ ನಗೆನಾಟಕ ಎಂದಾಗ ನಮ್ಮ ನಾಯಕಿ, ಹಗಲು ಆಸ್ಪತ್ರೆಯಲ್ಲಿ ನರ್ಸು, "ನೀವಾ? ನಗಿಸ್ತೀರಾ?" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಯಾಕೆ, ನನ್ನ ಮುಖ ಅಷ್ಟು ಕೆಟ್ಟಿದೆಯೆ? ಕಥೆ ಸುಲಭದ್ದು. ನೆಂಟರ ಕಾಟ ತಾಳಲಾರದೆ ಒಬ್ಬ ತಾನು ಸತ್ತೆನೆಂದು ಸುದ್ದಿ ಹಬ್ಬಿಸುತ್ತಾನೆ. ದುಃಖ ಹಂಚಿಕೊಳ್ಳಲು ಬಂದ ನೆಂಟರು ಮನೆ ಬಿಟ್ಟು ಹೊರಡುವುದೇ ಇಲ್ಲ. ನಾಟಕ ಮುಗಿಯುವವರೆಗೂ ಅವನು ಮಂಚದ ಮೇಲೆ ಉಸಿರು ಬಿಗಿಹಿಡಿದು ಬಿದ್ದಿರಬೇಕು. ಆ ಪಾತ್ರಕ್ಕೆ ಬ್ಯಾಂಕಿನ ಗುಮಾಸ್ತನನ್ನು ಹಾಕಿದ್ದೇನೆ. ಸಂಜೆಯೊಳಗೆ ಎಲ್ಲರೂ ಅವನನ್ನು ಹೆಣ ಎಂದೇ ಕರೆಯತೊಡಗಿದರು. "ಹೆಣಕ್ಕೆ ಚಹಾ ಕೊಟ್ರಾ?" "ಹೆಣ ಫೋನಲ್ಲಿದೆ, ತಾಳಿ." ಹೀಗೆ ನಡೆಯಿತು.

ಮನೆಗೆ ಬಂದಾಗ ಅಪ್ಪ ಮಗಳ ಊಟ ಆಗಿತ್ತು. ಪಿಟೀಲು ನಿದ್ದೆ ಹೋಗಿದ್ದಳು. ಹುಟ್ಟಿದ ಹೊಸದರಲ್ಲಿ ಅವಳು ಕಿರುಚುತ್ತಿದ್ದ ರೀತಿಗೆ ಅವರಪ್ಪ ಇಟ್ಟ ಹೆಸರು. ಹನ್ನೊಂದು ತುಂಬಿದರೂ ಬಿಟ್ಟಿಲ್ಲ. ನನ್ನ ಪಾಲಿನ ಊಟ ಮುಚ್ಚಿಟ್ಟಿದ್ದರು. ನನ್ನ ಗಂಡನಂಥವನು ಲಕ್ಷಕ್ಕೊಬ್ಬ ಸಿಕ್ಕಾನು. ಒಂದು ಕಾಲದಲ್ಲಿ ನನ್ನ ನಾಟಕಗಳಿಗೆಲ್ಲ ಅವನದೇ ಲೈಟು. ಮಗು ಹುಟ್ಟಿದ ಮೇಲೆ, ಇಬ್ಬರಲ್ಲಿ ಒಬ್ಬರಾದರೂ ಸಂಜೆ ಮನೆಯಲ್ಲಿರಬೇಕು ಎಂದು ತಾನೇ ಬಿಟ್ಟ. ಬಿಡು ಎಂದು ನಾನೇನೂ ಹೇಳಿರಲಿಲ್ಲ.

ಸೆಪ್ಟೆಂಬರ್ 5, ಗುರುವಾರ

ಬೆಳಿಗ್ಗೆ ಚಹಾ ಕುಡಿಯುತ್ತಾ ಇವನು ಸುದ್ದಿ ಹೇಳಿದ. ಊರಿಗೆಲ್ಲ ನೀರು ಶುದ್ಧ ಮಾಡಿ ಬಿಡುವ ಘಟಕದಲ್ಲಿ ಇವನ ಕೆಲಸ. ಅಂಥದ್ದೇ ಒಂದು ಹೊಸ ಘಟಕಕ್ಕೆ ಇವನನ್ನು ಮುಖ್ಯಸ್ಥನಾಗಿ ಕಳಿಸುತ್ತಾರಂತೆ. ರೈಲಿನಲ್ಲಿ ಅರ್ಧ ದಿನದ ದಾರಿ. ಅಕ್ಟೋಬರ್ ಮೊದಲ ವಾರ ಅಲ್ಲಿರಬೇಕು. ನನಗೆ ಖುಷಿಯಾಯಿತು, ಇಲ್ಲವೆಂದರೆ ಸುಳ್ಳು. ಎಷ್ಟು ವರ್ಷದಿಂದ ಕಾಯುತ್ತಿದ್ದ ಪಾಪ.

"ಪಿಟೀಲು?" ಎಂದ.

"ಪಿಟೀಲು ಏನು? ಇಲ್ಲೇ ಇರ್ತಾಳೆ. ಅವಳಮ್ಮ ಇಲ್ಲಿದ್ದಾಳಲ್ಲ."

"ಸಂಜೆ ಶಾಲೆಯಿಂದ ಬಂದ್ಮೇಲೆ?"

"ಪ್ರದರ್ಶನ ಒಂದು ಮುಗೀಲಿ, ಎಲ್ಲ ಸರಿಮಾಡ್ತೀನಿ. ಸುಮ್ನೆ ತಲೆ ತಿನ್ಬೇಡ."

ಅವನು ಲೋಟ ತೊಳೆದಿಟ್ಟು ಬಂದು, "ಅವಳನ್ನೇ ಒಂದ್ಸಲ ಕೇಳೋಣ್ವಾ?" ಎಂದ. ಇದೊಳ್ಳೆ ಕಥೆ. ಮಕ್ಕಳನ್ನು ಕೇಳಿ ತೀರ್ಮಾನ ಮಾಡುವ ವಿಷಯವೆ ಇದು? ನಾನು ಹೆತ್ತ ಮಗಳು, ನನ್ನ ಜೊತೆ ಇರುತ್ತಾಳೆ. ಅದರಲ್ಲಿ ಮಾತೇನಿದೆ?

ಸೆಪ್ಟೆಂಬರ್ 11, ಬುಧವಾರ

ಎರಡನೇ ಅಂಕ ಕೈಗೆ ಬರುತ್ತಿದೆ. ಹೆಣ ಇವತ್ತು ನಿಜವಾಗಿಯೂ ನಿದ್ದೆಹೋಗಿ ಗೊರಕೆ ಹೊಡೆಯಿತು. ಬಿದ್ದು ಬಿದ್ದು ನಕ್ಕೆವು. ಆ ಗೊರಕೆಯನ್ನು ನಾಟಕದಲ್ಲೇ ಇಟ್ಟುಕೊಳ್ಳುತ್ತೇನೆ.

ದಾರಿಯಲ್ಲಿ ಪಿಟೀಲಿಗೆ ಶಾಲೆಯ ಬೂಟು ತಂದೆ. ಕಾಲೇ ಹೋಗಲಿಲ್ಲ. ಯಾವಾಗ ಇಷ್ಟು ದೊಡ್ಡ ಪಾದ ಬಂತೋ ಈ ಹುಡುಗಿಗೆ! ಅವಳು ಹಿಮ್ಮಡಿ ತುರುಕುತ್ತಾ, "ಆಗುತ್ತಮ್ಮ, ಆಗುತ್ತೆ," ಎನ್ನುತ್ತಿದ್ದಳು. ಅಪ್ಪ ಬದಲಾಯಿಸಿ ತರುತ್ತಾನಂತೆ.

ಶಾಲೆಯಲ್ಲಿ ನಾಟಕ ಮಾಡಿಸುತ್ತಿದ್ದಾರಂತೆ, ಇವಳಿಗೂ ಪಾತ್ರ ಸಿಕ್ಕಿದೆಯಂತೆ. ರಕ್ತ ಎಲ್ಲಿ ಹೋಗುತ್ತದೆ! "ನಂಗೆ ಸ್ವಲ್ಪ ಹೇಳ್ಕೊಡ್ತೀಯಾ ಅಮ್ಮ?" ಎಂದಳು. ಖಂಡಿತ ಎಂದೆ. ಏನು ಪಾತ್ರ ಎಂದು ಕೇಳುವಷ್ಟರಲ್ಲಿ ಸೆಟ್ಟಿನವನ ಫೋನು ಬಂತು.

ಸೆಪ್ಟೆಂಬರ್ 15, ಭಾನುವಾರ

ಇಡೀ ದಿನ ತಾಲೀಮು. ಮನೆಗೆ ಬಂದರೆ ಅಪ್ಪ ಮಗಳು ಅಡುಗೆಮನೆ ಕಟ್ಟೆಗೆ ಒರಗಿ, "ಏಳನೇ ನಂಬರ್ ಕೊಡೆ!" ಎನ್ನುತ್ತಾ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಏನದು ಎಂದೆ. ಪಿಟೀಲು ವಿವರಿಸಲು ಹೋದಳು. ಬಸ್ಸು, ಒಬ್ಬ ಅಜ್ಜಿ, ಕೊಡೆ, ಏನೇನೋ. "ನೀನು ಅಲ್ಲಿರ್ಬೇಕಿತ್ತಮ್ಮ, ಹೇಳಿದ್ರೆ ನಗು ಬರಲ್ಲ," ಎಂದು ಬಿಟ್ಟಳು. ನನಗೂ ಸುಸ್ತಾಗಿತ್ತು.

ಸೆಪ್ಟೆಂಬರ್ 20, ಶುಕ್ರವಾರ

ಮೂರನೇ ಅಂಕ ಹಾಳು. ಯಾರಿಗೂ ನಗು ಬರುತ್ತಿಲ್ಲ. ಎಲ್ಲರ ಮೇಲೂ ಹರಿಹಾಯ್ದೆ.

ಬೆಳಿಗ್ಗೆ ಪಿಟೀಲಿನ ಕಿವಿಯ ಹಿಂದೆ ಬೆಳ್ಳಿ ಬಣ್ಣ ಅಂಟಿತ್ತು. ಚಿತ್ರಕಲೆಯ ಕ್ಲಾಸಿರಬೇಕು. ಸರಿಯಾಗಿ ಮುಖ ತೊಳೆಯುವುದನ್ನೂ ಕಲಿತಿಲ್ಲ ಎಂದು ಗದರಿದೆ. ಉಜ್ಜಿಕೊಂಡು ಹೋದಳು.

ಸೆಪ್ಟೆಂಬರ್ 22, ಭಾನುವಾರ

ಎಷ್ಟು ಒಳ್ಳೆಯ ದಿನ! ಬರೆಯದೆ ಇರಲಾರೆ.

ತಾಲೀಮಿನ ಹಾಲ್‌ನಲ್ಲಿ ಕರೆಂಟು ಹೋಯಿತು. ಎಲ್ಲರನ್ನೂ ಕಳಿಸಿ ಮಧ್ಯಾಹ್ನವೇ ಮನೆಗೆ ಬಂದೆ. ಒಳಗಿನ ಕೋಣೆಯಿಂದ ಪಿಟೀಲಿನ ದನಿ ಕೇಳಿಸಿತು. "ಅಮ್ಮ, ನಿನ್ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ನಾನು ಹೋಗ್ತೀನಿ. ಅಲ್ಲಿ ಸಂಜೆ ಹೊತ್ತು ಮನೇಲಿ ಯಾರಾದ್ರೂ ಇರ್ತಾರೆ." ಕೊನೆಯ ಮಾತಿಗೆ ಬರುವಷ್ಟರಲ್ಲಿ ಮುಸುಮುಸು ಅಳು ಶುರು. ಮಂಚದ ಮೇಲೆ ಕೂತಿದ್ದ ಅಪ್ಪ, "ಪರವಾಗಿಲ್ಲ, ನಿಧಾನಕ್ಕೆ ಇನ್ನೊಂದ್ಸಲ," ಎನ್ನುತ್ತಿದ್ದ. ಓಹೋ, ಶಾಲೆಯ ನಾಟಕ! ನನಗೆ ಹೇಳಿಕೊಡು ಎಂದವಳು ಲೈಟಿನವನ ಹತ್ತಿರ ನಟನೆ ಕಲಿಯುತ್ತಿದ್ದಾಳೆ!

ನಾನು ಒಳಗೆ ಕಾಲಿಟ್ಟೆ. ಇಬ್ಬರೂ ಕಳ್ಳರು ಸಿಕ್ಕಿಬಿದ್ದಂತೆ ನಿಂತರು. "ಸರಿ, ಜಾಗ ಬಿಡು, ಡೈರೆಕ್ಟರು ಬಂದ್ರು," ಎಂದೆ. ಇವನು, "ಕೇಳಿಲ್ಲಿ, ಅದು ಏನಂದ್ರೆ," ಎಂದು ಬಾಯಿ ತೆಗೆದ. "ನೀನು ಲೈಟ್ ನೋಡ್ಕೋ," ಎಂದು ಕಿಟಕಿಯ ಹತ್ತಿರ ಅಟ್ಟಿದೆ.

"ಎಲ್ಲಿಗೆ ಹೋಗ್ತಾಳೆ ಈ ಹುಡುಗಿ?" ಎಂದು ಕೇಳಿದೆ.

"ದೂರ," ಎಂದಳು.

"ಹಾಸ್ಟೆಲ್ಲಿಗಾ?"

ಅಪ್ಪನನ್ನು ನೋಡಿದಳು. ಸರಿ, ಎಲ್ಲಿಗಾದರೂ ಹೋಗಲಿ. ಯಾವ ಮೇಷ್ಟರು ಬರೆದದ್ದೋ, ಮಾತು ಚೆನ್ನಾಗಿದೆ. ಅಲಂಕಾರವಿಲ್ಲ, ನೇರ.

ಶುರು ಮಾಡಿದೆವು. "ಅಮ್ಮ ಅಂದ್ಮೇಲೆ ನಿಲ್ಲು. ಒಂದು ಉಸಿರು ತಗೋ, ಅವಳ ಮುಖ ನೋಡು, ಆಮೇಲೆ ಮುಂದಿನ ಮಾತು. ನೆಲ ನೋಡಬೇಡ. ಕೈಯನ್ನ ಫ್ರಾಕಿಗೆ ಒರೆಸಬೇಡ. ಹೋಗ್ತೀನಿ ಅನ್ನೋವಾಗ ಅಪ್ಪಣೆ ಕೇಳೋ ಥರ ಕೇಳಿಸ್ತಿದೆ. ನೀನು ಕೇಳ್ತಿಲ್ಲ, ಹೇಳ್ತಿದ್ದೀಯ." ಮತ್ತೆ ಅತ್ತಳು. "ಅಳಬಾರದು ಪಿಟೀಲು. ಆ ಹುಡುಗಿ ಮೊದಲೇ ಎಲ್ಲ ಅತ್ತು ಮುಗಿಸಿದ್ದಾಳೆ. ಈಗ ಬರೀ ಹೇಳೋಕೆ ಬಂದಿದ್ದಾಳೆ. ನೀನು ಅತ್ರೆ ಅಮ್ಮ ಸಮಾಧಾನ ಮಾಡ್ತಾಳೆ, ಅಲ್ಲಿಗೆ ಮಾತು ಮುಗಿದೇಹೋಯ್ತು."

ಆ ಮಾತು ಅವಳಿಗೆ ನಾಟಿತು. ನನ್ನನ್ನೇ ನೋಡುತ್ತಾ, "ಹೌದು," ಎಂದಳು. ಆಮೇಲೆ ನೋಡಬೇಕಿತ್ತು! ಅಬ್ಬ, ಆ ವಿರಾಮ, ಆ ಕಣ್ಣು! ನಾನೇ ತಾಯಿಯ ಪಾತ್ರವಾಗಿ ಎದುರಿಗೆ ಕೂತೆ, ಮೈ ಜುಮ್ಮೆಂದಿತು. ಅವಳಿಗೂ ಹುಮ್ಮಸ್ಸು ಬಂತು. "ಇನ್ನೊಂದ್ಸಲ ಮಾಡ್ಲಾ ಅಮ್ಮ?" "ಬಾಗಿಲಿಂದ ಬಂದು ಮಾಡ್ಲಾ?" ಸಂಜೆಯಾಯಿತು. ಕಿಟಕಿಯ ಬಳಿಯಿಂದ ಇವನು, "ಸಾಕು ಬಿಡೇ," ಎಂದ. ಅವಳು, "ಇಲ್ಲ ಅಪ್ಪ, ಇನ್ನೊಂದೇ ಒಂದ್ಸಲ," ಎಂದಳು. ಆಮೇಲೆ ಇನ್ನೂ ಎಷ್ಟೋ ಸಲ ಮಾಡಿದಳು.

ಕೊನೆಗೆ ನನ್ನ ಕೊರಳಿಗೆ ಜೋತುಬಿದ್ದು, "ಎಷ್ಟು ಹೊತ್ತು ಇದ್ದೆ ಅಮ್ಮ ಇವತ್ತು!" ಎಂದಳು. ಹುಚ್ಚು ಹುಡುಗಿ. ಇದೇ ಖುಷಿಯಲ್ಲಿ ನನಗೆ ಮೂರನೇ ಅಂಕದ ಗಂಟೂ ಬಿಚ್ಚಿಕೊಂಡಿತು.

ಸೆಪ್ಟೆಂಬರ್ 23, ಸೋಮವಾರ

ತಾಲೀಮಿನಲ್ಲಿ ಎಲ್ಲರ ಮುಂದೆ ಮಗಳನ್ನು ಹೊಗಳಿದ್ದೇ ಹೊಗಳಿದ್ದು. "ನಿಮ್ಮಲ್ಲಿ ಒಬ್ಬರಿಗಾದರೂ ಆ ಥರ ನಿಲ್ಲೋಕೆ ಬರುತ್ತಾ?" ಎಂದು ಕೇಳಿದೆ. ನರ್ಸು, "ಆಯ್ತು ತಾಯಿ, ಅವಳನ್ನೇ ನಾಯಕಿ ಮಾಡ್ಕೊಳ್ಳಿ," ಎಂದು ಮೂತಿ ತಿರುವಿದಳು.

ಸೆಪ್ಟೆಂಬರ್ 25, ಬುಧವಾರ

ಹೇಗೆ ಬರೆಯಲಿ?

ಸಂಜೆ ತಾಲೀಮಿನ ನಡುವೆ ಅಪ್ಪ ಮಗಳು ಮೆಟ್ಟಿಲು ಹತ್ತಿ ಬಂದರು. ಪಿಟೀಲು ಇನ್ನೂ ಶಾಲೆಯ ಬಟ್ಟೆಯಲ್ಲೇ ಇದ್ದಳು. "ಅಮ್ಮ, ಸ್ವಲ್ಪ ಹೊರಗೆ ಬರ್ತೀಯಾ? ಒಂದು ಮಾತು ಹೇಳ್ಬೇಕು."

"ಇಲ್ಲೇ ಹೇಳು. ಯಾರಿದ್ದಾರೆ ಇಲ್ಲಿ ಹೊರಗಿನೋರು?"

ಅವಳು ನನ್ನ ಎದುರು ನಿಂತಳು. "ಅಮ್ಮ," ಎಂದು ತಡೆದು, ಒಂದು ಉಸಿರು ತೆಗೆದುಕೊಂಡಳು. ನಾನು ಕಲಿಸಿದ ಹಾಗೇ! ನನಗೆ ತಡೆಯಲಾಗಲಿಲ್ಲ. "ತಾಳು, ತಾಳು! ಎಲ್ಲ ಬನ್ನಿ ಇಲ್ಲಿ, ನೋಡಿ ಕಲೀರಿ!" ಎಂದು ಕೂಗಿದೆ. ನೆಂಟರ ಪಾತ್ರದವರೆಲ್ಲ ಸುತ್ತ ನಿಂತರು. ಹೆಣ ಮಂಚದ ಮೇಲೆ ಎದ್ದು ಕೂತಿತು. ಬಾಗಿಲಲ್ಲಿ ಇವನು, "ಬೇಡ ಕಣೇ, ಬೇಡ," ಎಂದ. ನಾನು ಕೈಯೆತ್ತಿ ಸುಮ್ಮನಿರಿಸಿದೆ. "ಹೂಂ, ಮೊದಲಿಂದ."

ಅವಳು ಒಮ್ಮೆ ಸುತ್ತ ನೋಡಿದಳು. ಆಮೇಲೆ ನನ್ನನ್ನು ಮಾತ್ರ ನೋಡಿದಳು. "ಅಮ್ಮ. ನಿನ್ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ನಾನು ಹೋಗ್ತೀನಿ. ಅಲ್ಲಿ ಸಂಜೆ ಹೊತ್ತು ಮನೇಲಿ ಯಾರಾದ್ರೂ ಇರ್ತಾರೆ." ಕಣ್ಣಲ್ಲಿ ಒಂದು ಹನಿ ಇಲ್ಲ, ದನಿ ನಡುಗಲಿಲ್ಲ, ಕೈ ಫ್ರಾಕಿನ ಹತ್ತಿರ ಹೋಗಲಿಲ್ಲ.

ಎಲ್ಲರೂ ಚಪ್ಪಾಳೆ ಹೊಡೆದರು. "ನಮ್ಮನ್ನೆಲ್ಲ ನಿವಾಳಿಸಿ ಎಸೆದುಬಿಟ್ಟೆ ಕಣಮ್ಮ," ಎಂದಿತು ಹೆಣ. ನಾನೂ ಹೊಡೆದೆ. ನಾನೂ ಚಪ್ಪಾಳೆ ಹೊಡೆದೆ! "ಯಾವತ್ತು ನಿಮ್ಮ ಶಾಲೆ ನಾಟಕ? ಎಷ್ಟೇ ಕೆಲಸ ಇರ್ಲಿ, ಬಂದೇ ಬರ್ತೀನಿ," ಎಂದೆ.

"ಅದು ಹೋದ ವಾರ ಆಯ್ತಮ್ಮ. ಅದ್ರಲ್ಲಿ ನಾನು ಚಂದ್ರ. ಚಂದ್ರಂಗೆ ಮಾತಿಲ್ಲ." ಆಮೇಲೆ, "ಇದು ನಾಟಕ ಅಲ್ಲ. ನಿಂಗೇ ಹೇಳಿದ್ದು. ನಾನು ಅಪ್ಪನ ಜೊತೆ ಹೋಗ್ತೀನಿ," ಎಂದಳು.

ಚಪ್ಪಾಳೆ ಹೊಡೆದವರಿಗೆಲ್ಲ ಇದ್ದಕ್ಕಿದ್ದಂತೆ ಕೆಲಸ ನೆನಪಾಯಿತು. ಯಾರೋ ಕುರ್ಚಿ ಮಡಚಿದರು. ನರ್ಸು ನನ್ನ ಭುಜ ಹಿಡಿದು ಕೂರಿಸಿದಳು, ರೋಗಿಗಳನ್ನು ಕೂರಿಸುವ ಹಾಗೆ. ಪಿಟೀಲು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಕೊನೆಗೆ ಮೆಲ್ಲಗೆ, "ಸರಿಯಾಗಿ ಹೇಳಿದ್ನಾ ಅಮ್ಮ?" ಎಂದು ಕೇಳಿದಳು.

ಸೆಪ್ಟೆಂಬರ್ 26, ಗುರುವಾರ

ಪಿಟೀಲು ಶಾಲೆಗೆ ಹೋದ ಮೇಲೆ ಜಗಳವಾಯಿತು. ನಾನೊಬ್ಬಳೇ ಆಡಿದ ಜಗಳ. ನೀನು ಮಗುವಿನ ತಲೆ ಕೆಡಿಸಿದೆ, ಬೆನ್ನ ಹಿಂದೆ ಮಸಲತ್ತು ಮಾಡಿದೆ, ಬಾಯಿಪಾಠ ಮಾಡಿಸಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಎಲ್ಲ ಮುಗಿದ ಮೇಲೆ ಅವನು ಹೇಳಿದ:

"ನಾನೇನೂ ಹೇಳ್ಕೊಟ್ಟಿಲ್ಲ. ಮಾತೆಲ್ಲ ಅವಳದ್ದೇ. ಅಮ್ಮಂಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ಳು. ಬಾಯಿ ತೆಗೆದ್ರೆ ಅಳು. ಒಂದ್ಸಲಾನೂ ಪೂರ್ತಿ ಹೇಳೋಕಾಗ್ತಿರಲಿಲ್ಲ. ಅಳದೆ ಹೇಳೋದು ಕಲಿಸಿದ್ದು ನೀನು."

"ಮತ್ತೆ ಭಾನುವಾರ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ? ನನ್ನ ಬಾಯಿ ಮುಚ್ಚಿಸ್ಬೇಕಿತ್ತು!"

"ಅವಳು ನಗ್ತಿದ್ಳು ಕಣೇ," ಎಂದ. "ನಿನ್ ಜೊತೆ ಅಷ್ಟು ಹೊತ್ತು ನಗ್ತಿದ್ದಿದ್ದನ್ನ ನಾನು ಯಾವಾಗ ನೋಡಿದ್ದೆನೋ ನೆನಪಿಲ್ಲ. ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ನನ್ನ ಎದೆ ಒಡೆದುಹೋಗಿದೆ. ಬೇರೆ ಮಾತು ಹುಡುಕುವ ಶಕ್ತಿ ನನಗಿಲ್ಲ.

ಸೆಪ್ಟೆಂಬರ್ 30, ಸೋಮವಾರ

ತಾಲೀಮಿಗೆ ಹೋಗುತ್ತಿದ್ದೇನೆ. ಶನಿವಾರ ಮೊದಲ ಪ್ರದರ್ಶನ, ಟಿಕೆಟ್ಟೆಲ್ಲ ಖಾಲಿ. ನಗು ಎಲ್ಲಿ ಬರಬೇಕು, ಎಲ್ಲಿ ತಡೆಯಬೇಕು ಎಂದು ಹೇಳಿಕೊಡುತ್ತೇನೆ. ಯಾರೂ ನನ್ನ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಹೆಣ ಕೂಡ ಇವತ್ತು ಸರಿಯಾಗಿ ಸತ್ತಿತ್ತು.

ಒಂದು ವಿಷಯ ನನಗೆ ಗೊತ್ತು. ನಾನು ಇರು ಎಂದರೆ ಪಿಟೀಲು ಇರುತ್ತಾಳೆ. ಆ ಹುಡುಗಿಯ ಮನಸ್ಸು ಅಂಥದ್ದು. ಯಾರ್ಯಾರಿಂದಲೋ ಏನೇನೋ ಮಾಡಿಸಿದವಳು ನಾನು, ಹೆತ್ತ ಮಗಳನ್ನು ಒಂದು ಮಾತಲ್ಲಿ ನಿಲ್ಲಿಸಲಾರೆನೆ? ಸಂಜೆಗಳನ್ನು ಹೇಗಾದರೂ ಹೊಂದಿಸಿಕೊಳ್ಳುತ್ತೇನೆ. ಆರಕ್ಕೆ ಬದಲು ಮಧ್ಯಾಹ್ನ ತಾಲೀಮು ಇಟ್ಟರೆ? ನರ್ಸಿಗೆ ಡ್ಯೂಟಿ, ಹೆಣಕ್ಕೆ ಬ್ಯಾಂಕು. ಅವಳನ್ನೇ ತಾಲೀಮಿಗೆ ಕರೆದುಕೊಂಡು ಹೋದರೆ? ಆ ರಬ್ಬರು ವಾಸನೆಯಲ್ಲಿ ಕೂತು ಪಾಠ ಓದಿಕೊಳ್ಳಬೇಕೆ ಮಗು? ಏನೋ ಒಂದು ಮಾಡಬೇಕು. ಇನ್ನೂ ಹೊತ್ತಿದೆ.

ಅಕ್ಟೋಬರ್ 3, ಗುರುವಾರ

ನಾಳೆ ಮಧ್ಯಾಹ್ನ ಅವರ ರೈಲು. ಬೆಳಿಗ್ಗೆ ಪಿಟೀಲಿನ ಬಟ್ಟೆ ಮಡಚಲು ಕೂತೆ. ಬೇಕಾದ್ದು ಬೇಡವಾದ್ದು ಎಂದು ಎರಡು ಗುಡ್ಡೆ ಮಾಡಿದೆ. ಅವಳು ಬಂದು, ನಾನು ಬೇಕು ಎಂದಿಟ್ಟಿದ್ದನ್ನೆಲ್ಲ ಬೇಡದ ಕಡೆಗೆ ಸರಿಸಿದಳು. ಎಲ್ಲ ಗಿಡ್ಡವಾಗಿವೆ.

ಆಮೇಲೆ ನನ್ನನ್ನು ಕೈಹಿಡಿದು ಮನೆಯೆಲ್ಲ ಸುತ್ತಿಸಿದಳು. "ಹಿಂದಿನ ಬಾಗಿಲು ಸ್ವಲ್ಪ ಎತ್ತಿ ಎಳೀಬೇಕಮ್ಮ, ಇಲ್ಲಾಂದ್ರೆ ಚಿಲಕ ಬೀಳಲ್ಲ. ಮೋಟರು ತಾನಾಗೇ ನಿಲ್ಲಲ್ಲ, ನೀನೇ ಆಫ್ ಮಾಡ್ಬೇಕು. ಹಾಲಿನೋನು ಬೆಲ್ ಮಾಡಲ್ಲ, ಕೆಮ್ಮುತ್ತಾನೆ, ಅಷ್ಟೇ." ನನ್ನ ಮನೆಯನ್ನು ನನಗೆ ತೋರಿಸಿದಳು ನನ್ನ ಮಗಳು. ಹೊಸ ಬಾಡಿಗೆಯವಳ ಹಾಗೆ ತಲೆಯಾಡಿಸುತ್ತಾ ಅವಳ ಹಿಂದೆ ಹೋದೆ.

ನಾಳೆ ಬೆಳಿಗ್ಗೆ ಹೇಳಿಬಿಡುತ್ತೇನೆ. ಇರು ಪಿಟೀಲು, ಅಮ್ಮನ ಜೊತೆ ಇರು. ಅಷ್ಟೇ, ಬೇರೇನೂ ಸೇರಿಸುವುದಿಲ್ಲ.

ಅಕ್ಟೋಬರ್ 4, ಶುಕ್ರವಾರ

ಹೊರಟರು.

ಸೆಟ್ಟು ನಿಂತಿದೆ. ಎಡಗಡೆಯ ಬಾಗಿಲು ಸ್ವಲ್ಪ ಅಲ್ಲಾಡುತ್ತದೆ, ನಾಳೆ ಮೊಳೆ ಹೊಡೆಸಬೇಕು.

ಅಕ್ಟೋಬರ್ 6, ಭಾನುವಾರ

ನಿನ್ನೆಯ ಪ್ರದರ್ಶನ ಗೆದ್ದಿತು. ಗೊರಕೆಗೆ ಜನ ಕುರ್ಚಿಯಿಂದ ಬೀಳುವುದೊಂದು ಬಾಕಿ. ನರ್ಸು ನನ್ನನ್ನು ಎಳೆದು ವೇದಿಕೆಗೆ ತಂದು ನಿಲ್ಲಿಸಿದಳು. ನಮಸ್ಕಾರ ಮಾಡಿದೆ. ಎಲ್ಲರೂ ಎದ್ದು ನಿಂತಿದ್ದರು.

ಇವತ್ತು ತಾಲೀಮಿಲ್ಲ. ಹಾಲಿನವನು ಕೆಮ್ಮಿದ, ಹಾಲು ತೆಗೆದುಕೊಂಡೆ. ಪಿಟೀಲು ಫೋನು ಮಾಡಿದಳು. ಹೊಸ ಮನೆಗೆ ದೊಡ್ಡ ಕಿಟಕಿ ಇದೆಯಂತೆ. "ಜನ ನಕ್ರಾ ಅಮ್ಮ?" ಎಂದಳು. ತುಂಬಾ ನಕ್ಕರು ಎಂದೆ. ಅವಳೂ ನಕ್ಕಳು. ಫೋನಿಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಯಾವ ನಟಿಗೂ ಹಾಗೆ ಅಳಲು ನಾನು ಬಿಡುವುದಿಲ್ಲ, ಅಷ್ಟು ಕೆಟ್ಟದಾಗಿ ಅತ್ತೆ.

ಶುಕ್ರವಾರದ್ದನ್ನು ಬರೆಯಲೇಬೇಕು. ಇಲ್ಲದಿದ್ದರೆ ಇನ್ನೊಂದು ವಾರ ಕಳೆದರೆ, ಹೋಗಬೇಕೆಂದು ಹಟ ಮಾಡಿ ಹೋದಳು ಎಂದು ನಾನೇ ನಂಬಿಬಿಡುತ್ತೇನೆ.

ಬೆಳಿಗ್ಗೆ ತಿಂಡಿ ಆದ ಮೇಲೆ ಇವನು ಕೆಳಗೆ ಆಟೋದವನಿಗೆ ಹೇಳಿಬರಲು ಹೋಗಿದ್ದ. ಪಿಟೀಲು ತನ್ನ ಚೀಲದ ಪಕ್ಕ ಕೂತಿದ್ದಳು, ಜಿಪ್ಪು ಇನ್ನೂ ಎಳೆದಿರಲಿಲ್ಲ. ಈಗ ಹೇಳಬೇಕು ಎಂದು ನಾನು ಅವಳ ಮುಂದೆ ಬಂದು ನಿಂತೆ. ಅಷ್ಟರಲ್ಲಿ ಅವಳೇ ತಲೆಯೆತ್ತಿ, "ಅಮ್ಮ, ನೀನು ಇರು ಅಂದ್ರೆ ನಾನು ಇರ್ತೀನಿ. ಅಪ್ಪ ಬೇಜಾರು ಮಾಡ್ಕೊಳ್ಳಲ್ಲ, ಕೇಳಿದ್ದೀನಿ," ಎಂದಳು. ಈ ಸಲ ಕಣ್ಣು ತುಂಬಿತ್ತು, ದನಿ ನಡುಗುತ್ತಿತ್ತು, ಎರಡೂ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತಿದ್ದಳು.

ಹನ್ನೊಂದಕ್ಕೆ ಸೆಟ್ಟಿನ ಲಾರಿ ರಂಗಮಂದಿರಕ್ಕೆ ಬರುವುದಿತ್ತು. ನಾನು ಗೋಡೆಯ ಗಡಿಯಾರ ನೋಡಿದೆ. ನೋಡಬೇಕೆಂದು ನೋಡಿದ್ದಲ್ಲ. ಕಣ್ಣು ತಾನಾಗಿ ಹೋಯಿತು, ರೆಪ್ಪೆ ಬಡಿಯುವಷ್ಟು ಹೊತ್ತು. ತಿರುಗುವಷ್ಟರಲ್ಲಿ ಅವಳೂ ಗಡಿಯಾರ ನೋಡುತ್ತಿದ್ದಳು.

"ಪಿಟೀಲು," ಎಂದೆ.

ಅವಳು ಕಣ್ಣೊರೆಸಿಕೊಂಡು ಜಿಪ್ಪು ಎಳೆದಳು. "ನಿಂಗೆ ಲೇಟಾಗುತ್ತಮ್ಮ. ಹೋಗು, ನಮ್ಮ ರೈಲಿಗೆ ಇನ್ನೂ ಹೊತ್ತಿದೆ," ಎಂದಳು. ಬಾಗಿಲವರೆಗೂ ಬಂದು ನನ್ನ ಚೀಲ ಹೆಗಲಿಗೆ ಹಾಕಿ, ಕೆನ್ನೆಗೆ ಮುತ್ತು ಕೊಟ್ಟಳು.

ನಾನು ಚಪ್ಪಲಿ ಹಾಕಿಕೊಂಡು ಅವರಿಗಿಂತ ಮೊದಲು ಹೊರಟುಹೋದೆ.